ಸಂಪಿನ ಮೋಟರ್ ನೀರು ಎತ್ತದಿದ್ದಾಗ ಎಲ್ಲಿಂದ ನೋಡಬೇಕು

ಸಂಪಿನಲ್ಲಿ ನೀರಿದೆ, ಮೇಲಿನ ಟ್ಯಾಂಕ್ ಬರಿದಾಗಿದೆ, ಸ್ವಿಚ್ ಹಾಕಿದರೂ ನೀರು ಏರುತ್ತಿಲ್ಲ. ಅವಸರದಲ್ಲಿ ಹೆಚ್ಚಿನವರು ಮಾಡುವುದು ಒಂದೇ: ಸ್ವಿಚ್ ತೆಗೆದು ಹಾಕಿ, ತೆಗೆದು ಹಾಕಿ ನೋಡುವುದು. ಕೆಟ್ಟಿದ್ದು ಫುಟ್‌ವಾಲ್ವಿನ (ಸಂಪಿನೊಳಗಿನ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್) ವಾಷರ್ ಆಗಿದ್ದರೆ ಇಷ್ಟರಲ್ಲಿ ಪಂಪಿನ ಸೀಲ್ ಕೂಡ ಸುಡುತ್ತದೆ. ಮೋಟರ್ ತಿರುಗಲು ನೆರವಾಗುವ ಕಂಡೆನ್ಸರ್ ಆಗಿದ್ದರೆ ವೈಂಡಿಂಗೇ, ಅಂದರೆ ಮೋಟರಿನೊಳಗಿನ ತಂತಿಯ ಸುರುಳಿಯೇ ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ ಸ್ವಿಚ್ ಆಫ್ ಮಾಡಿ, ಎಂಸಿಬಿಯನ್ನೂ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಕೆಳಗಿಳಿಸುವುದು.

ಇಲ್ಲಿ ಹೇಳುವುದೆಲ್ಲ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅರ್ಧ ಎಚ್‌ಪಿ ಅಥವಾ ಒಂದು ಎಚ್‌ಪಿಯ ಸಿಂಗಲ್ ಫೇಸ್ ಸೆಲ್ಫ್ ಪ್ರೈಮಿಂಗ್ ಮಾನೋಬ್ಲಾಕ್ ಪಂಪಿನ ಬಗ್ಗೆ. ಅಂದರೆ ಸಂಪಿನ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ಕೂತಿರುವ, ಒಂದಿಂಚಿನ ಪೈಪಿನಲ್ಲಿ ನೀರು ಎಳೆಯುವ ಪಂಪು. ಸಂಪಿನೊಳಗೇ ಮುಳುಗಿರುವ ಮೋಟರಿನ ವಿಷಯ ಕೊನೆಯಲ್ಲಿದೆ.

ಸಂಪಿಗೆ ಇಳಿಯಬೇಡಿ

ಫುಟ್‌ವಾಲ್ವ್ ನೋಡಲೆಂದು, ಬಿದ್ದ ಸ್ಪ್ಯಾನರ್ ತೆಗೆಯಲೆಂದು ಸಂಪಿಗೆ ಇಳಿಯುವವರಿದ್ದಾರೆ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಕೆಟ್ಟ ಗಾಳಿ ತಳದಲ್ಲಿ ನಿಂತಿರಬಹುದು. ಅದಕ್ಕೆ ವಾಸನೆ ಬರಲೇಬೇಕೆಂದಿಲ್ಲ. ಒಳಗೆ ಒಬ್ಬರು ಕುಸಿದರೆ ಎತ್ತಲು ಇಳಿದ ಎರಡನೆಯವರೂ ಅಲ್ಲೇ ಕುಸಿಯುತ್ತಾರೆ. ಇಂಥ ದುರಂತಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಾಯುವುದು ಈ ಕಾರಣಕ್ಕೇ. ಫುಟ್‌ವಾಲ್ವನ್ನು ಮೇಲಿನಿಂದಲೇ ಪೈಪ್ ಸಮೇತ ಎತ್ತಬಹುದು, ಒಳಗೆ ಇಳಿಯುವ ಅಗತ್ಯವೇ ಇಲ್ಲ. ಮುಚ್ಚಳ ತೆಗೆದಿಟ್ಟಾಗ ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರು ನಿಂತಿರಲಿ.

ಇನ್ನೊಂದು ಮಾತು: ಸ್ವಿಚ್ ಆಫ್ ಇದೆ ಎಂದು ಟರ್ಮಿನಲ್ ಬಾಕ್ಸ್ ಬಿಚ್ಚಬೇಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದುಂಟು. ಆಗ ಸ್ವಿಚ್ ತೆಗೆದರೂ ಮೋಟರಿನಲ್ಲಿ ಕರೆಂಟ್ ಇರುತ್ತದೆ. ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕಿತ್ತು, ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ. ಆ ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಕರೆಂಟ್ ಇರುವ ಬೇರೆ ಪಾಯಿಂಟಿನಲ್ಲಿ ನೋಡಿಕೊಳ್ಳಿ.

ಈಗ ಸದ್ದು ಕೇಳಿ

ಒಂದೇ ಸಲ, ಐದು ಸೆಕೆಂಡ್ ಮಾತ್ರ ಸ್ವಿಚ್ ಹಾಕಿ ಕಿವಿಗೊಡಿ. ಸದ್ದೇ ಇಲ್ಲದಿರಬಹುದು, ಗುಂಯ್ ಎನ್ನುತ್ತ ತಿರುಗದೆ ನಿಂತಿರಬಹುದು, ಚೆನ್ನಾಗಿ ತಿರುಗಿಯೂ ನೀರು ಬಾರದಿರಬಹುದು, ಎಂಸಿಬಿಯೇ ಬೀಳಬಹುದು. ಈ ನಾಲ್ಕರಲ್ಲಿ ಯಾವುದು ಎಂದು ತಿಳಿದರೆ ಹುಡುಕಾಟ ಅರ್ಧ ಮುಗಿಯಿತು.

ಸದ್ದೇ ಇಲ್ಲದಿದ್ದರೆ

ಕರೆಂಟ್ ಮೋಟರಿನವರೆಗೆ ಬರುತ್ತಿಲ್ಲ, ಅಥವಾ ಬಂದರೂ ಒಳಗೆ ದಾರಿ ಕಡಿದಿದೆ. ಎಂಸಿಬಿ, ಸ್ವಿಚ್, ಪ್ಲಗ್ ಈ ಕ್ರಮದಲ್ಲಿ ನೋಡಿ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ ಸಾಕೆಟ್ ಒಳಗೂ ಸುಟ್ಟಿರುತ್ತದೆ, ಎರಡನ್ನೂ ಬದಲಿಸಿ. ಮೋಟರಿಗೆ 16 ಆ್ಯಂಪಿಯರ್‌ನ ದಪ್ಪ ಪ್ಲಗ್ಗೇ ಬೇಕು.

ಆಟೊಮ್ಯಾಟಿಕ್ ವಾಟರ್ ಲೆವೆಲ್ ಕಂಟ್ರೋಲರ್ ಇರುವ ಮನೆಗಳಲ್ಲಿ ಮೊದಲ ಅನುಮಾನ ಅದರ ಮೇಲೇ ಇರಲಿ. ಸಂಪಿನಲ್ಲಿ ಇಳಿಬಿಟ್ಟ ಸೆನ್ಸರ್ ಕಡ್ಡಿಗಳಿಗೆ ಉಪ್ಪು ಕಟ್ಟಿಕೊಂಡರೆ, ನೀರು ತುಂಬಿದ್ದರೂ ಸಂಪು ಖಾಲಿಯೆಂದು ತಿಳಿದು ಅದು ಮೋಟರ್ ಬಿಡುವುದಿಲ್ಲ. ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ಚಿನ ವೈರ್ ಪೈಪಿಗೆ ಸುತ್ತಿಕೊಂಡು ಫ್ಲೋಟ್ ಮೇಲೆಯೇ ನಿಂತಿದ್ದರೂ ಹೀಗೇ. ಕಂಟ್ರೋಲರ್‌ನಲ್ಲಿ ಮ್ಯಾನ್ಯುಯಲ್ ಸ್ವಿಚ್ ಇದ್ದರೆ ಹಾಕಿ ನೋಡಿ. ಮೋಟರ್ ಓಡಿದರೆ ಪಂಪಿಗೆ ಏನೂ ಆಗಿಲ್ಲ: ಸೆನ್ಸರ್ ಕಡ್ಡಿಗಳನ್ನು ಹೊರಗೆಳೆದು ಉಪ್ಪುಕಾಗದದಲ್ಲಿ (ಸ್ಯಾಂಡ್‌ಪೇಪರ್) ಉಜ್ಜಿ, ತೊಳೆದು ಮತ್ತೆ ಬಿಡಿ.

ಸ್ವಲ್ಪ ಹೊತ್ತು ಓಡಿ ತಾನೇ ನಿಂತು, ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಓಡುವ ಮೋಟರಿನಲ್ಲಿ ಕೆಲಸ ಮಾಡುತ್ತಿರುವುದು ವೈಂಡಿಂಗಿನೊಳಗಿನ ಥರ್ಮಲ್ ಪ್ರೊಟೆಕ್ಟರ್. ಮೋಟರ್ ಅತಿಯಾಗಿ ಕಾದಾಗ ಅದು ಕರೆಂಟ್ ಕಡಿಯುತ್ತದೆ. ಕಾಯಲು ಕಾರಣವೇನೆಂದು ಹುಡುಕಬೇಕು: ಹಿಂದಿನ ಫ್ಯಾನ್ ಮುರಿದಿದೆಯೇ, ಮೋಟರಿನ ಮೇಲೆ ಗೋಣಿಚೀಲ ಹೊದಿಸಿದ್ದಾರೆಯೇ, ವೋಲ್ಟೇಜ್ ಇಳಿದಿದೆಯೇ. 230 ವೋಲ್ಟ್ ಇರಬೇಕಾದ್ದು ಬೇಸಿಗೆ ಸಂಜೆ 180ಕ್ಕಿಂತ ಕೆಳಗೆ ಬಂದರೆ ಮೋಟರ್ ಓಡಿಸದಿರುವುದೇ ಕ್ಷೇಮ.

ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ

ಹೀಗೆ ನಿಂತ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತಿರುತ್ತದೆ. ಒಂದೆರಡು ನಿಮಿಷ ಬಿಟ್ಟರೆ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ಕಾರಣ ಸಾಮಾನ್ಯವಾಗಿ ಎರಡೇ: ಪಂಪು ಜಾಮ್ ಆಗಿದೆ, ಇಲ್ಲವೇ ಕಂಡೆನ್ಸರ್ ಹೋಗಿದೆ. ಎರಡನ್ನೂ ಬೇರ್ಪಡಿಸುವುದು ಸುಲಭ.

1. ಎಂಸಿಬಿ ಇಳಿಸಿ. ಮೋಟರಿನ ಹಿಂದಿನ ಫ್ಯಾನ್ ಕವರ್ ಬಿಚ್ಚಿ.

2. ಫ್ಯಾನ್ ಹಿಡಿದು ಬಾಡಿಯ ಮೇಲಿನ ಬಾಣದ ದಿಕ್ಕಿಗೆ ಕೈಯಲ್ಲಿ ತಿರುಗಿಸಿ. ಕೆಲವು ಮೋಟರ್‌ಗಳಲ್ಲಿ ಶಾಫ್ಟಿನ ತುದಿಗೆ ಸ್ಕ್ರೂಡ್ರೈವರ್ ಕೂರುವ ಸೀಳು ಇರುತ್ತದೆ, ಕವರ್ ಬಿಚ್ಚದೆಯೇ ತಿರುಗಿಸಬಹುದು.

3. ಅಲುಗಾಡದಿದ್ದರೆ ಜಾಮ್. ಫ್ಯಾನ್ ಪ್ಲಾಸ್ಟಿಕ್ಕಿನದು, ಅದನ್ನೇ ಹಿಡಿದು ಬಲ ಹಾಕಿದರೆ ರೆಕ್ಕೆ ಮುರಿಯುತ್ತದೆ. ಶಾಫ್ಟನ್ನು ಹಿಡಿದು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ.

4. ಸಲೀಸಾಗಿ ತಿರುಗಿದರೆ ಪಂಪು ಸರಿಯಿದೆ. ಕಂಡೆನ್ಸರ್ ನೋಡಿ.

ಜಾಮ್ ಏಕಾಗುತ್ತದೆ ಎಂದರೆ, ಈ ಪಂಪುಗಳ ಒಳಗಿನ ಹಿತ್ತಾಳೆ ಇಂಪೆಲ್ಲರ್ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುವ ಚಕ್ರ. ಅದಕ್ಕೂ ಎರಕದ ಕಬ್ಬಿಣದ ಬಾಡಿಗೂ ನಡುವಿನ ಸಂದು ಕಾಗದದ ದಪ್ಪದಷ್ಟು. ಮನೆ ಬೀಗ ಹಾಕಿ ಹದಿನೈದು ದಿನ ಊರಿಗೆ ಹೋಗಿ ಬಂದರೆ ಆ ಸಂದಿನಲ್ಲಿ ತುಕ್ಕು ಬೆಳೆದು ಚಕ್ರವನ್ನು ಹಿಡಿದುಬಿಡುತ್ತದೆ. ಮರಳಿನ ಒಂದು ಕಾಳು ಸಿಕ್ಕರೂ ಅಷ್ಟೇ. ಹಾಗಾಗಿ ದೀರ್ಘ ರಜೆಯಿಂದ ಬಂದವರು ಸ್ವಿಚ್ ಹಾಕುವ ಮೊದಲು ಶಾಫ್ಟನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸುವುದು ಒಳ್ಳೆಯ ರೂಢಿ.

ಕೈಗೆ ಬಗ್ಗದಿದ್ದರೆ ಪಂಪಿನ ಮುಂದಿನ ಕವರ್ ಬಿಚ್ಚಬೇಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ತುಕ್ಕನ್ನು ನುಣುಪಾದ ಉಪ್ಪುಕಾಗದದಲ್ಲಿ ತೆಗೆದು ತೊಳೆಯಿರಿ. ಒರಟು ಅರ ಬೇಡ, ಸಂದು ದೊಡ್ಡದಾದರೆ ಪಂಪಿನ ಒತ್ತಡವೇ ಹೋಗುತ್ತದೆ. ಕವರಿನ ನಡುವೆ ಕಾಗದದ ಗ್ಯಾಸ್ಕೆಟ್ ಇದ್ದು ಹರಿದರೆ ಅದೇ ದಪ್ಪದ್ದನ್ನೇ ಹಾಕಿ. ದಪ್ಪ ಗ್ಯಾಸ್ಕೆಟ್ ಹಾಕಿದರೆ ನೀರು ಮೂರನೇ ಮಹಡಿಗೆ ಏರುವುದಿಲ್ಲ, ತೆಳುವಾದದ್ದು ಹಾಕಿದರೆ ಬೋಲ್ಟ್ ಬಿಗಿಯುತ್ತಲೇ ಚಕ್ರ ಮತ್ತೆ ಹಿಡಿಯುತ್ತದೆ. ಸರಿಯಾಗಿ ರಿಪೇರಿ ಮಾಡಿದ ಪಂಪು ಕೂಡ ನೀರು ಎತ್ತದಿರುವುದಕ್ಕೆ ಇದೊಂದು ಗುಪ್ತ ಕಾರಣ.

ಕಂಡೆನ್ಸರ್ ಎಂದು ಅಂಗಡಿಯಲ್ಲಿ ಕರೆಯುವುದು ಕೆಪಾಸಿಟರನ್ನೇ. ಟರ್ಮಿನಲ್ ಬಾಕ್ಸಿನೊಳಗೆ ಅಥವಾ ಅದರ ಪಕ್ಕ ಉರುಳೆಯಂತೆ ಇರುತ್ತದೆ. ಅರ್ಧ ಎಚ್‌ಪಿಗೆ ಸಾಮಾನ್ಯವಾಗಿ 10 ಮೈಕ್ರೋಫ್ಯಾರಡ್, ಒಂದು ಎಚ್‌ಪಿಗೆ 15ರಿಂದ 25. ನಿಮ್ಮದಕ್ಕೆ ಎಷ್ಟು ಎಂಬುದು ಮೋಟರಿನ ಪ್ಲೇಟಿನಲ್ಲೇ ಇದೆ. ಬಿಚ್ಚುವ ಮೊದಲು ಹಿಡಿಕೆ ಚೆನ್ನಾಗಿರುವ ಸ್ಕ್ರೂಡ್ರೈವರಿನ ಲೋಹದ ಭಾಗವನ್ನು ಅದರ ಎರಡೂ ತುದಿಗೆ ಒಟ್ಟಿಗೆ ತಾಗಿಸಿ ಒಳಗುಳಿದ ಚಾರ್ಜ್ ಕಳೆಯಿರಿ. ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ, ತುದಿ ಸುಟ್ಟಿದ್ದರೆ ಬೇರೆ ಪರೀಕ್ಷೆ ಬೇಡ. ನೋಡಲು ಚೆನ್ನಾಗಿದ್ದೂ ಸತ್ವ ಕಳೆದುಕೊಂಡಿರಬಹುದು. ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್ ಇದ್ದರೆ ಬರೆದದ್ದಕ್ಕಿಂತ ಹತ್ತರಲ್ಲಿ ಒಂದು ಭಾಗಕ್ಕೂ ಮೀರಿ ಇಳಿದಿದ್ದರೆ ಬದಲಿಸಿ. ಹೊಸದು ಅದೇ ಮೈಕ್ರೋಫ್ಯಾರಡ್, 440 ವೋಲ್ಟಿನದಿರಲಿ. ದೊಡ್ಡದು ಹಾಕಿದರೆ ಮೋಟರಿಗೆ ಬಲ ಬರುತ್ತದೆ ಎಂಬುದು ತಪ್ಪು ನಂಬಿಕೆ, ಬರುವುದು ಬಿಸಿ.

ಶಾಫ್ಟ್ ಸಲೀಸು, ಕಂಡೆನ್ಸರ್ ಹೊಸದು, ವೋಲ್ಟೇಜ್ ಸರಿ, ಆದರೂ ಗುಂಯ್ ಎಂದರೆ ಮಾತ್ರ ವೈಂಡಿಂಗ್ ಕಡೆ ತಿರುಗಿ.

ತಿರುಗುತ್ತದೆ, ನೀರಿಲ್ಲ

ಬಹಳ ಮನೆಗಳ ಗೋಳು ಇದೇ, ಮೆಕ್ಯಾನಿಕ್‌ಗಳು ಏರ್ ಹಿಡಿದಿದೆ ಎನ್ನುವುದೂ ಇದಕ್ಕೇ. ಪಂಪು ನೀರನ್ನು ಕೈಹಾಕಿ ಎಳೆಯುವುದಿಲ್ಲ. ಅದು ಪೈಪಿನೊಳಗಿನ ಒತ್ತಡ ತಗ್ಗಿಸುತ್ತದೆ, ಸಂಪಿನ ನೀರಿನ ಮೇಲೆ ಕೂತ ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಗಾಳಿಗೆ ಹೆಚ್ಚೆಂದರೆ 10.3 ಮೀಟರ್ ತಳ್ಳುವ ಶಕ್ತಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 9.3ರ ಆಸುಪಾಸು, ಪ್ರಾಯೋಗಿಕವಾಗಿ 6ರಿಂದ 7. ಮನೆ ಸಂಪು 8–10 ಅಡಿ ಮಾತ್ರ, ಆಳದ ತೊಂದರೆಯಿಲ್ಲ. ಆದರೆ ಸಕ್ಷನ್ ಪೈಪಿನಲ್ಲಿ, ಅಂದರೆ ಸಂಪಿನಿಂದ ಪಂಪಿಗೆ ಬರುವ ಪೈಪಿನಲ್ಲಿ, ಕೂದಲೆಳೆಯಷ್ಟು ಬಿರುಕಿದ್ದರೂ ಪಂಪು ನೀರಿನ ಬದಲು ಅಲ್ಲಿಂದ ಗಾಳಿ ಎಳೆಯುತ್ತದೆ. ಹೊರಗೆ ಒಂದು ಹನಿ ಸೋರುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣುವುದೂ ಇಲ್ಲ.

ಮೊದಲು ಸಂಪಿನ ನೀರಿನ ಮಟ್ಟ ನೋಡಿ: ಫುಟ್‌ವಾಲ್ವಿನ ಮೇಲೆ ಒಂದು ಅಡಿಯಾದರೂ ನೀರು ನಿಂತಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಪಂಪಿಗೆ ನೀರು ತುಂಬಿಸಿ, ಪ್ರೈಮಿಂಗ್ ಎನ್ನುವುದು ಇದಕ್ಕೇ.

1. ಪಂಪಿನ ತಲೆಯ ಮೇಲಿನ ಪ್ರೈಮಿಂಗ್ ಪ್ಲಗ್ ಬಿಚ್ಚಿ, ಸ್ವಚ್ಛ ನೀರನ್ನು ನಿಧಾನವಾಗಿ ಸುರಿಯಿರಿ. ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಟ್ಟು ಬಿಟ್ಟು ಹಾಕಿ.

2. ಎಷ್ಟು ಹಿಡಿಯಿತು ಎಂದು ಅಳೆಯಿರಿ. 10 ಅಡಿಯ ಒಂದಿಂಚು ಪೈಪಿಗೆ ಸುಮಾರು ಒಂದೂವರೆ ಲೀಟರ್, ಪಂಪಿನ ಬಾಡಿಗೆ ಇನ್ನೊಂದು ಲೀಟರಿನಷ್ಟು. ಪೈಪು ಪೂರ್ತಿ ಖಾಲಿಯಿದ್ದರೂ ಎರಡು ಮೂರು ಲೀಟರಿಗೆ ತುಂಬಬೇಕು. ಅರ್ಧ ಬಕೆಟ್ ಸುರಿದರೂ ತುಂಬದಿದ್ದರೆ ಫುಟ್‌ವಾಲ್ವ್ ಬಾಯಿ ತೆರೆದುಕೊಂಡೇ ಇದೆ, ನೀರು ಸಂಪಿಗೇ ಹೋಗುತ್ತಿದೆ.

3. ತುಂಬಿದ ಮೇಲೆ ಐದು ನಿಮಿಷ ಮಟ್ಟ ನೋಡುತ್ತ ನಿಲ್ಲಿ. ಇಳಿಯದಿದ್ದರೆ ಫುಟ್‌ವಾಲ್ವ್ ಭದ್ರ. ನಿಧಾನವಾಗಿ ಇಳಿದರೆ ವಾಷರಿಗೆ ಕಸ ಸಿಕ್ಕಿದೆ ಅಥವಾ ಸವೆದಿದೆ.

4. ಪ್ಲಗ್ಗಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿದು ಸ್ವಿಚ್ ಹಾಕಿ. ಎರಡು ಮೂರು ನಿಮಿಷದೊಳಗೆ ನೀರು ಹಿಡಿಯಬೇಕು. ಹಿಡಿಯದಿದ್ದರೆ ನಿಲ್ಲಿಸಿ. ಶಾಫ್ಟಿನ ಮೆಕ್ಯಾನಿಕಲ್ ಸೀಲಿಗೆ ನೀರೇ ತಂಪು, ನೀರಿಲ್ಲದೆ ಓಡಿದರೆ ಅದು ಸುಟ್ಟು ಬಿರುಕು ಬಿಡುತ್ತದೆ.

ತುಂಬಿಸಿದ ದಿನ ನೀರು ಬಂದು, ಮರುದಿನ ಮತ್ತೆ ಇದೇ ಕಥೆಯಾದರೆ ತಪ್ಪು ಫುಟ್‌ವಾಲ್ವಿನದು. ಪಂಪಿನ ಪಕ್ಕದ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪ್ ಜಾಯಿಂಟ್) ಬಿಚ್ಚಿ, ಇಬ್ಬರು ಸೇರಿ ಪೈಪನ್ನು ನೇರವಾಗಿ ಮೇಲೆತ್ತಿ. ಓರೆಯಾಗಿ ಎಳೆದರೆ ಬೆಂಡಿನ ಜಾಯಿಂಟ್ ಬಿರಿಯುತ್ತದೆ. ಕೊಳವೆಬಾವಿಯ ಗಡಸು ನೀರಿನ ಮನೆಗಳಲ್ಲಿ ವಾಲ್ವಿನ ತುಂಬ ಬಿಳಿ ಸುಣ್ಣ ಕಟ್ಟಿರುತ್ತದೆ. ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ವಾಷರ್ ಗಟ್ಟಿಯಾಗಿದ್ದರೆ ಬದಲಿಸಿ. ಮತ್ತೆ ಇಳಿಸುವ ಮೊದಲು ವಾಲ್ವನ್ನು ಕೆಳಮುಖವಾಗಿ ಹಿಡಿದು ಮೇಲಿನಿಂದ ಪೈಪಿಗೆ ನೀರು ತುಂಬಿಸಿ ಹತ್ತು ನಿಮಿಷ ನೋಡಿ, ಹನಿ ಬೀಳಬಾರದು. ಹೊಸದು ಕೊಳ್ಳುವುದಾದರೆ ಹಿತ್ತಾಳೆಯದೇ ಇರಲಿ. ಸಂಪಿನ ತಳದಿಂದ ಅರ್ಧ ಅಡಿ ಮೇಲೆ ನಿಲ್ಲುವಂತೆ ಪೈಪ್ ಉದ್ದ ಇಡಿ, ಇಲ್ಲದಿದ್ದರೆ ಹೂಳೇ ಮೇಲೇರುತ್ತದೆ.

ಫುಟ್‌ವಾಲ್ವ್ ನೀರು ಹಿಡಿದು ನಿಲ್ಲಿಸಿದೆ, ಆದರೂ ನೀರು ಏರುತ್ತಿಲ್ಲ ಎಂದರೆ ಸಕ್ಷನ್ ಜಾಯಿಂಟುಗಳ ಸರದಿ. ಮೋಟರ್ ಓಡುತ್ತಿರುವಾಗ ಒಂದೊಂದೇ ಜಾಯಿಂಟಿಗೆ ಒದ್ದೆ ಬಟ್ಟೆ ಸುತ್ತಿ ಬಿಗಿ ಹಿಡಿಯಿರಿ, ಮೋಟರಿನ ಕಡೆ ನೀರು ಹನಿಯದಂತೆ. ಯಾವ ಜಾಯಿಂಟಿಗೆ ಸುತ್ತಿದಾಗ ಸದ್ದು ಬದಲಾಗಿ ನೀರು ಹಿಡಿಯಿತೋ ತೂತು ಅಲ್ಲೇ. ಬಹುಪಾಲು ಅದು ಯೂನಿಯನ್ನಿನ ಒಳಗಿನ ರಬ್ಬರ್ ರಿಂಗ್, ಇಲ್ಲವೇ ಪಂಪಿಗೆ ಸೇರುವ ಥ್ರೆಡ್ ಕಡೆಯ ಜಾಯಿಂಟ್. ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೇ ಹತ್ತು ಹನ್ನೆರಡು ಸುತ್ತು ಸುತ್ತಿ. ಬಿಸಿಲಿಗೆ ಬಿದ್ದ ಪಿವಿಸಿ ಪೈಪಿನ ಅಂಟು ಜಾಯಿಂಟ್ ಬಿಟ್ಟಿದ್ದರೆ ಆ ತುಂಡನ್ನು ಕತ್ತರಿಸಿ ಹೊಸದು ಹಾಕಬೇಕು. ಮೇಲೆ ಎಂ-ಸೀಲ್ ಮೆತ್ತುವುದು ನಾಲ್ಕು ದಿನದ ಮಾತು.

ಮೇಲೇರಿದ ನೀರು ಹಿಂದಿರುಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರುವ ಮನೆಗಳಿಗೆ ಇನ್ನೊಂದು ತೊಡಕಿದೆ, ಇದನ್ನು ಮೆಕ್ಯಾನಿಕ್‌ಗಳೂ ಎಷ್ಟೋ ಸಲ ಮರೆಯುತ್ತಾರೆ. ಪಂಪಿನಿಂದ ಟ್ಯಾಂಕಿಗೆ ಏರುವ ಡೆಲಿವರಿ ಪೈಪಿನಲ್ಲಿ ವಾಲ್ವಿನ ಮೇಲೆ ಮೂರು ಮಹಡಿಯ ನೀರು, ಅಂದರೆ ಹತ್ತು ಮೀಟರಿನ ಭಾರ ಕೂತಿರುತ್ತದೆ. ಪಂಪಿನೊಳಗೆ ಗಾಳಿ ಸೇರಿದ್ದರೆ ಆ ಗಾಳಿಗೆ ಇಷ್ಟು ಭಾರ ಎತ್ತಿ ಹೊರಹೋಗುವ ಶಕ್ತಿಯಿಲ್ಲ. ಪಂಪು ಗಾಳಿಯನ್ನೇ ಕಡೆಯುತ್ತ ಕೂರುತ್ತದೆ. ಪಂಪಿಗೂ ವಾಲ್ವಿಗೂ ನಡುವೆ ಅರ್ಧ ಇಂಚಿನ ಒಂದು ನಲ್ಲಿ ಹಾಕಿಸಿದರೆ ಸಮಸ್ಯೆ ಶಾಶ್ವತವಾಗಿ ಹೋಗುತ್ತದೆ: ನಲ್ಲಿ ತೆರೆದು ಮೋಟರ್ ಹಾಕಿ, ಬುಸುಬುಸು ಗಾಳಿ ಹೋಗಿ ನೀರು ಧಾರೆಯಾಗಿ ಬಂದಮೇಲೆ ಮುಚ್ಚಿ. ನಲ್ಲಿ ಇಲ್ಲದಿದ್ದರೆ ಪ್ರೈಮಿಂಗ್ ಪ್ಲಗ್ಗನ್ನೇ ಸ್ವಲ್ಪ ಸಡಿಲಿಸಿ ಗಾಳಿ ಬಿಡಬಹುದು.

ಡೆಲಿವರಿ ಕಡೆಯ ಗೇಟ್‌ವಾಲ್ವ್ ಮುಚ್ಚಿರುವುದನ್ನು, ಮೇಲಿನ ಟ್ಯಾಂಕಿನಲ್ಲಿ ಬಾಲ್‌ಕಾಕ್ ಸಿಕ್ಕಿಕೊಂಡಿರುವುದನ್ನು ಕೂಡ ನೋಡಿ. ದೊಡ್ಡ ಸೆಂಟ್ರಿಫ್ಯೂಗಲ್ ಪಂಪಿಗೆ ವಾಲ್ವ್ ಮುಚ್ಚಿದರೆ ಭಾರ ಕಡಿಮೆಯಾಗುತ್ತದೆ. ಮನೆಯ ಈ ಚಿಕ್ಕ ಪಂಪಿನಲ್ಲಿ ಅದಕ್ಕೆ ಉಲ್ಟಾ, ಮುಚ್ಚಿದಷ್ಟೂ ಮೋಟರಿನ ಮೇಲೆ ಭಾರ ಹೆಚ್ಚುತ್ತದೆ. ನೀರು ಕಡಿಮೆ ಮಾಡಲೆಂದು ಗೇಟ್‌ವಾಲ್ವ್ ಅರ್ಧ ಮುಚ್ಚಿಡುವ ಅಭ್ಯಾಸ ಬಿಡಿ.

ವೈಂಡಿಂಗ್ ಮಾಡಿಸಿ ತಂದ ಮೋಟರ್ ಚೆನ್ನಾಗಿ ಓಡಿ ನೀರು ಎತ್ತದಿದ್ದರೆ, ತಿರುಗುವ ದಿಕ್ಕು ಬಾಣಕ್ಕೆ ಸರಿಯಿದೆಯೇ ನೋಡಿ. ಸ್ಟಾರ್ಟಿಂಗ್, ರನ್ನಿಂಗ್ ವೈರ್ ಅದಲುಬದಲಾಗಿದ್ದರೆ ಪಂಪು ಹಿಂದುಮುಂದಾಗಿ ನೀರನ್ನು ಫುಟ್‌ವಾಲ್ವಿನ ಕಡೆಗೇ ತಳ್ಳುತ್ತಿರುತ್ತದೆ.

ನೀರು ಬರುತ್ತದೆ, ಆದರೆ ಸಣ್ಣ

ಟ್ಯಾಂಕಿನ ಬಾಯಲ್ಲಿ 20 ಲೀಟರಿನ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ನಿಮಿಷಕ್ಕೆ 25 ಲೀಟರ್ ಬಂದರೆ ಸಾವಿರ ಲೀಟರಿನ ಟ್ಯಾಂಕಿಗೆ 40 ನಿಮಿಷ. ನೀರು ಹಾಲಿನಂತೆ ಬೆಳ್ಳಗೆ ಗುಳ್ಳೆ ತುಂಬಿ ಬಂದರೆ ಸಕ್ಷನ್‌ನಲ್ಲಿ ಗಾಳಿಯಿದೆ. ತಿಳಿಯಾಗಿಯೇ ಸಣ್ಣಗೆ ಬಂದರೆ ಫುಟ್‌ವಾಲ್ವಿನ ಜಾಲರಿ ಕಟ್ಟಿದೆ, ಅಥವಾ ಮರಳು ತಿಂದು ಇಂಪೆಲ್ಲರ್ ಸವೆದಿದೆ. ಸವೆದ ಇಂಪೆಲ್ಲರಿಗೆ ಬದಲಿಸುವುದೊಂದೇ ದಾರಿ.

ಪಂಪಿಗೂ ಮೋಟರಿಗೂ ನಡುವಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ. ನೀರು ಹೇಗೂ ಏರುತ್ತಿದೆಯಲ್ಲ ಎಂದು ಬಿಟ್ಟರೆ ಆ ನೀರು ಬೇರಿಂಗಿಗೆ ಇಳಿದು ಮೋಟರ್ ಕೂಗಲು ಶುರುವಾಗುತ್ತದೆ, ಆಮೇಲೆ ವೈಂಡಿಂಗಿಗೆ. ಹಳೇ ಸೀಲನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಹೊಸ ಸೀಲಿನ ಕಾರ್ಬನ್ ಮುಖವನ್ನು ಬೆರಳಲ್ಲಿ ಮುಟ್ಟಬೇಡಿ, ಜಿಡ್ಡು ಕೂಡ ಸೋರುವಿಕೆಗೆ ಕಾರಣವಾಗುತ್ತದೆ.

ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳುತ್ತಿದ್ದರೆ

ಎಂಸಿಬಿ ಬೀಳುವುದು ಹೆಚ್ಚು ಕರೆಂಟಿಗೆ: ಜಾಮ್, ಸತ್ತ ಕಂಡೆನ್ಸರ್, ಸುಟ್ಟ ವೈಂಡಿಂಗ್. ಆರ್‌ಸಿಸಿಬಿ ಬೀಳುವುದು ಕರೆಂಟ್ ಬಾಡಿಗೆ ಸೋರುತ್ತಿರುವುದಕ್ಕೆ, 30 ಮಿಲಿಆ್ಯಂಪಿಯರ್ ಸಾಕು. ಮೋಟರಿನ ಟರ್ಮಿನಲ್‌ನಿಂದ ವೈರ್ ಬಿಡಿಸಿ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಆರ್‌ಸಿಸಿಬಿ ಎತ್ತಿ. ಆಗಲೂ ಬಿದ್ದರೆ ವೈರ್ ಕೆಟ್ಟಿದೆ, ಬೀಳದಿದ್ದರೆ ಮೋಟರ್. ಮಳೆಗಾಲದಲ್ಲಿ ಟರ್ಮಿನಲ್ ಬಾಕ್ಸಿಗೆ ನೀರು ಹೋಗಿದ್ದರೆ ಒಂದೆರಡು ದಿನ ಬಿಸಿಲಿಗೆ ಇಟ್ಟು ಒಣಗಿಸಿದರೆ ಸರಿಹೋಗುವುದೂ ಉಂಟು.

ಆರ್‌ಸಿಸಿಬಿ ಬೀಳುತ್ತದೆಂದು ಅರ್ಥ್ ವೈರ್ ಕಿತ್ತುಹಾಕುವುದನ್ನು, ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವುದನ್ನು ಯಾರು ಹೇಳಿದರೂ ಕೇಳಬೇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಮೋಟರ್ ಮುಟ್ಟುವ ಮನೆಮಂದಿಗೆ ಕಾವಲಿರುವುದು ಅವೆರಡೇ.

ವೈಂಡಿಂಗ್ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಕಂಡೆನ್ಸರ್ ಬಿಡಿಸಿ, ವೈಂಡಿಂಗಿನಿಂದ ಹೊರಬಂದ ಮೂರು ವೈರ್‌ಗಳ ನಡುವೆ ಎರಡೆರಡರಂತೆ ಓಮ್ಸ್ ಅಳೆಯಿರಿ. ಮೂರು ಅಳತೆಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸರಿಹೊಂದಬೇಕು. ಯಾವುದಾದರೂ ಜೋಡಿ ಏನೂ ತೋರಿಸದಿದ್ದರೆ, ಅಥವಾ ವೈರಿಗೂ ಬಾಡಿಗೂ ನಡುವೆ ಓಮ್ಸ್ ತೋರಿಸಿದರೆ, ಆಗ ರಿವೈಂಡಿಂಗ್ ಅಂಗಡಿಗೆ ಒಯ್ಯಿರಿ. ತಾಮ್ರದ ತಂತಿಯೇ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ, ಬೇರಿಂಗ್ ಮತ್ತು ಸೀಲನ್ನು ಅದೇ ಸಲ ಬದಲಿಸಲು ಹೇಳಿ.

ಮೋಟರ್ ಸಂಪಿನೊಳಗೇ ಇದ್ದರೆ

ನೀರಿನಲ್ಲಿ ಮುಳುಗಿಯೇ ಓಡುವ ಇಂಥ ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಪ್ರೈಮಿಂಗ್ ಬೇಕಿಲ್ಲ, ಫುಟ್‌ವಾಲ್ವೂ ಇಲ್ಲ. ಅದರ ಕಂಡೆನ್ಸರ್ ಗೋಡೆಯ ಪ್ಯಾನಲ್‌ನಲ್ಲಿರುತ್ತದೆ, ಮೊದಲು ಅದನ್ನೇ ನೋಡಿ. ಪ್ಯಾನಲ್‌ನ ಆ್ಯಂಪಿಯರ್ ಮೀಟರ್ ಅರ್ಧ ಕಾಯಿಲೆ ಹೇಳುತ್ತದೆ: ಮುಳ್ಳು ಅಲುಗದಿದ್ದರೆ ಕರೆಂಟ್ ಹೋಗುತ್ತಿಲ್ಲ, ಮಾಮೂಲಿಗಿಂತ ಬಹಳ ಕಡಿಮೆಯಿದ್ದರೆ ನೀರಿಲ್ಲದೆ ತಿರುಗುತ್ತಿದೆ, ಬಹಳ ಹೆಚ್ಚಿದ್ದರೆ ಜಾಮ್.

ಎತ್ತುವಾಗ ಕೇಬಲ್ ಹಿಡಿದು ಎಳೆಯಲೇಬೇಡಿ. ಕೇಬಲ್ ಮೋಟರಿಗೆ ಸೇರುವಲ್ಲಿನ ರಬ್ಬರ್ ಬಿಟ್ಟರೆ ಮುಂದೆ ಇಡೀ ಸಂಪಿನ ನೀರಿಗೇ ಕರೆಂಟ್ ಬರುತ್ತದೆ. ನೈಲಾನ್ ಹಗ್ಗದಿಂದ ಎತ್ತಿ. ಪ್ಯಾನಲ್‌ನ ಕರೆಂಟ್ ಪೂರ್ತಿ ಕಡಿಯದೆ ಸಂಪಿನ ನೀರಿಗೆ ಬಕೆಟ್ ಕೂಡ ಇಳಿಬಿಡಬಾರದು. ಹೀರುವ ಜಾಲರಿಗೆ ಮೆತ್ತಿದ ಹೂಳನ್ನು ತೊಳೆಯಿರಿ. ಒಳಗೆ ನೀರು ತುಂಬಿಸುವ ಜಾತಿಯ ಮೋಟರ್ ಆದರೆ ಮತ್ತೆ ಇಳಿಸುವ ಮೊದಲು ಅದರ ತುಂಬುವ ಪ್ಲಗ್ ಬಿಚ್ಚಿ, ಗುಳ್ಳೆ ನಿಲ್ಲುವವರೆಗೆ ಸ್ವಚ್ಛ ನೀರು ತುಂಬಿ. ಇದನ್ನು ಮರೆತು ಓಡಿಸಿದರೆ ಒಳಗಿನ ಬುಷ್‌ಗಳು ಬೇಗ ಸುಡುತ್ತವೆ.

ಎಲ್ಲ ಸರಿಯಾದ ಮೇಲೆ ಖಾಲಿ ಟ್ಯಾಂಕ್ ತುಂಬಲು ಹಿಡಿದ ನಿಮಿಷಗಳನ್ನೂ ಕಂಡೆನ್ಸರಿನ ಮೈಕ್ರೋಫ್ಯಾರಡನ್ನೂ ಸ್ವಿಚ್ ಬೋರ್ಡಿನ ಪಕ್ಕ ಗೋಡೆಗೆ ಬರೆದಿಡಿ. 40 ನಿಮಿಷ ಹಿಡಿಯುತ್ತಿದ್ದದ್ದು 55ಕ್ಕೆ ಬಂದ ದಿನವೇ ಫುಟ್‌ವಾಲ್ವಿನ ಜಾಲರಿ ತೊಳೆದರೆ ಮೋಟರ್ ನಿಲ್ಲುವವರೆಗೆ ಕಾಯಬೇಕಿಲ್ಲ.